ಕುದುರೆಮುಖಕ್ಕೆ ಹೋಗುವ ಕಾಲ ಯಾವುದು?

ಬೆಟ್ಟವನ್ನು ನೋಡಲು ಯಾವ ಕಾಲ ಮೇಲು ಎಂಬ ಪ್ರಶ್ನೆ ಬಯಲುನಾಡಿನವರಾದ ನಮಗೆ ಹಿಂದೆ ಇರಲಿಲ್ಲ. ನಮ್ಮ ಹಿರಿಯರು ಮಲೆನಾಡಿಗೆ ಹೋಗುತ್ತಿದ್ದುದು ದೇವರ ನಿಮಿತ್ತವಾಗಿ. ಯಾವಾಗ ಹೋಗಬೇಕೆಂಬುದನ್ನು ಜಾತ್ರೆ ಉತ್ಸವಗಳೇ ಗೊತ್ತುಮಾಡುತ್ತಿದ್ದವು. ಬಾಳೆಹೊನ್ನೂರಿನ ಪೀಠಕ್ಕೆ ನಡೆದುಕೊಳ್ಳುವವರು ಅಲ್ಲಿನ ಉತ್ಸವಕ್ಕೆ ಹೋದರು. ಶೃಂಗೇರಿಗೆ ನಡೆದುಕೊಳ್ಳುವವರು ನವರಾತ್ರಿಗೆ ಹೋದರು. ದಾರಿಯಲ್ಲಿ ಬೆಟ್ಟ ಕಂಡಿತು, ಕೈಮುಗಿದರು, ಮುಂದೆ ಸಾಗಿದರು. ಈಗ ಹಾಗಲ್ಲ. ಸಿಂಧನೂರು, ಮಸ್ಕಿ, ಲಿಂಗಸುಗೂರುಗಳ ಕಡೆಯಿಂದ ಹುಡುಗರು ಬಾಡಿಗೆ ವಾಹನ ಗೊತ್ತುಮಾಡಿಕೊಂಡು, ಬೆಟ್ಟವನ್ನು ಬೆಟ್ಟಕ್ಕಾಗಿಯೇ ನೋಡಲು ಹೊರಡುತ್ತಾರೆ. ಇದು ಸಂತೋಷದ ಮಾತು. ಆದರೆ ದೇವರ ಪಂಚಾಂಗ ತೆರವು ಮಾಡಿದ ಸ್ಥಳಕ್ಕೆ ಬೇರೊಂದು ಪಂಚಾಂಗ ಬರಬೇಕಷ್ಟೆ. ಅದು ಇನ್ನೂ ಬಂದಿಲ್ಲ. ಜವಳಗೇರಾದ ಚಹದ ಅಂಗಡಿಯಲ್ಲಿ ಕುಳಿತು ನಾಲ್ವರನ್ನು ಕೇಳಿದರೆ ನಾಲ್ಕು ಉತ್ತರ ಬರುತ್ತವೆ. ಒಬ್ಬನು ಬೇಸಿಗೆ ಎನ್ನುತ್ತಾನೆ, ಇನ್ನೊಬ್ಬನು ಮಳೆಗಾಲ ಎನ್ನುತ್ತಾನೆ. ಎಲ್ಲರೂ ಹೇಳುವುದು ತಮಗೆ ಯಾವಾಗ ಅನುಕೂಲ ಎಂಬುದನ್ನು. ಬೆಟ್ಟಕ್ಕೂ ಒಂದು ಅನುಕೂಲವುಂಟು ಎಂಬುದನ್ನು ಯಾರೂ ಎತ್ತುವುದಿಲ್ಲ.

ನಾನು ಇಲ್ಲಿ ಹೇಳಹೊರಟಿರುವುದು ಕುದುರೆಮುಖ ರಾಷ್ಟ್ರೀಯ ಉದ್ಯಾನದ ವಿಷಯ. ಕರ್ನಾಟಕದಲ್ಲಿ ರಾಷ್ಟ್ರೀಯ ಉದ್ಯಾನಗಳು ಐದು: ಬಂಡೀಪುರ, ನಾಗರಹೊಳೆ, ಬನ್ನೇರುಘಟ್ಟ, ಅಣಶಿ, ಕುದುರೆಮುಖ. ಇವುಗಳಲ್ಲಿ ಪರ್ವತದ ಉದ್ಯಾನವೆಂಬ ಹೆಸರಿಗೆ ಪೂರ್ಣವಾಗಿ ಸಲ್ಲುವುದು ಕೊನೆಯದು. ಚಿಕ್ಕಮಗಳೂರು, ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳ ಮೇಲೆ ಹರಡಿರುವ ಸುಮಾರು 600 ಚದರ ಕಿಲೋಮೀಟರಿನ ಈ ಸೀಮೆಯನ್ನು 1987ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿದರು. ಅದಕ್ಕೆ ಮೊದಲು, 1980ರ ದಶಕದಲ್ಲಿ, ವನ್ಯಜೀವಿ ಶಾಸ್ತ್ರಜ್ಞರಾದ ಉಲ್ಲಾಸ ಕಾರಂತರು ಈ ಕಾಡುಗಳಲ್ಲಿ ಸಿಂಗಳೀಕಗಳ ಸಮೀಕ್ಷೆ ನಡೆಸಿದ್ದರು. ಉದ್ಯಾನವಾಗಬೇಕೆಂಬ ವಾದಕ್ಕೆ ಆ ಸಮೀಕ್ಷೆಯೇ ಆಧಾರವಾಯಿತು. 2012ರಲ್ಲಿ ಪಶ್ಚಿಮಘಟ್ಟಗಳ 39 ತಾಣಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದಾಗ ಇದೂ ಅವುಗಳಲ್ಲಿ ಒಂದಾಯಿತು. ಸುಮಾರು 1,890 ಮೀಟರು ಎತ್ತರದ ಶಿಖರವನ್ನು ಒಂದು ದಿಕ್ಕಿನಿಂದ ನೋಡಿದರೆ ಕುದುರೆಯ ಮೋರೆಯಂತೆ ಕಾಣುವುದರಿಂದ ಆ ಹೆಸರು. ಕಡಲಿನ ಮೇಲೆ ಹಡಗು ನಡೆಸುವವರಿಗೆ ಅದು ದಿಕ್ಕು ಹೇಳುವ ಗುರುತಾಗಿತ್ತಂತೆ.

ಕಡಲಿನವರಿಗೆ ಅದು ಗುರುತು. ನಮಗೆ ಅದು ಅನ್ನ. ಈ ಮಾತು ಅತಿಶಯವೆಂದು ತೋರಿದರೆ ವಾಚಕರು ಭೂಪಟವನ್ನು ಬಿಚ್ಚಿ ನೋಡಬಹುದು. ಉದ್ಯಾನದೊಳಗಿನ ಗಂಗಾಮೂಲದಲ್ಲಿ ತುಂಗೆ, ಭದ್ರೆ, ನೇತ್ರಾವತಿ ಎಂಬ ಮೂರು ನದಿಗಳು ಹುಟ್ಟುತ್ತವೆ. ನೇತ್ರಾವತಿ ಪಡುವಣಕ್ಕೆ ಇಳಿದು ಮಂಗಳೂರಿನ ಬಳಿ ಕಡಲನ್ನು ಸೇರುತ್ತದೆ. ಮಿಕ್ಕ ಇಬ್ಬರು ಅಕ್ಕತಂಗಿಯರು ಬೇರೆ ಬೇರೆ ದಾರಿ ಹಿಡಿದು, ಶಿವಮೊಗ್ಗದ ಕೂಡಲಿಯಲ್ಲಿ ಒಂದಾಗಿ, ಹರಿಹರವನ್ನು ದಾಟಿ, ಹೊಸಪೇಟೆಯ ಹತ್ತಿರ ಅಣೆಕಟ್ಟಿನ ಹಿಂದೆ ನಿಲ್ಲುತ್ತಾರೆ. ಅಲ್ಲಿಂದ ಎಡದಂಡೆಯ ಕಾಲುವೆ ಹೊರಟು, ಸುಮಾರು 227 ಕಿಲೋಮೀಟರು ಕೊಪ್ಪಳ, ರಾಯಚೂರು ಜಿಲ್ಲೆಗಳ ಎರೆನೆಲದಲ್ಲಿ ಹರಿದು, ಗಂಗಾವತಿ, ಕಾರಟಗಿ, ಸಿಂಧನೂರುಗಳ ಭತ್ತಕ್ಕೆ ನೀರುಣಿಸುತ್ತದೆ. ಜವಳಗೇರಾದ ಗದ್ದೆಗಳಲ್ಲಿ ನಿಂತ ನೀರು ಆ ನೀರೇ. 1953ರಲ್ಲಿ ಅಣೆಕಟ್ಟು ಮುಗಿಯುವುದಕ್ಕೆ ಮುಂಚೆ ಇದು ಜೋಳ, ಸಜ್ಜೆ, ಹತ್ತಿಗಳ ನಾಡಾಗಿತ್ತು. ವರ್ಷಕ್ಕೆ ಸುಮಾರು 650 ಮಿಲಿಮೀಟರು ಮಳೆ ಬೀಳುವ ನಮ್ಮ ಊರಲ್ಲಿ ಇಂದು ಸೋನಾಮಸೂರಿ ಬೆಳೆಯುತ್ತಿದೆಯೆಂದರೆ, ಅದು ನಮ್ಮ ಆಕಾಶದ ಕೊಡುಗೆಯಲ್ಲ. ಅದರ ಹತ್ತು ಪಟ್ಟು ಮಳೆ ಬೀಳುವ ಇನ್ನೊಂದು ಆಕಾಶದ ಕೊಡುಗೆ. ಆ ಆಕಾಶ ಮುನಿದರೆ ಏನಾಗುತ್ತದೆಂಬುದನ್ನು 2023ರಲ್ಲಿ ಕಂಡೆವು. ಮಲೆನಾಡಿನಲ್ಲಿ ಮಳೆ ಹಿಂದೆಗೆಯಿತು, ಜಲಾಶಯ ತುಂಬಲಿಲ್ಲ, ಎರಡನೆಯ ಬೆಳೆಯ ಆಸೆಯನ್ನು ಬಿಟ್ಟು ಗದ್ದೆಗಳು ಬಾಯಿಬಿಟ್ಟುಕೊಂಡು ಬಿದ್ದಿದ್ದವು.

ಆದ್ದರಿಂದ ನಾವು ಕುದುರೆಮುಖಕ್ಕೆ ಹೋಗುವುದು ಬೆಂಗಳೂರಿನವರು ಹೋದಂತೆ ಅಲ್ಲ. ಅವರಿಗೆ ಅದು ವಿಹಾರ. ನಮಗೆ ಅದು, ಹೊಟ್ಟೆಗೆ ಹಾಕುವವರ ಮನೆಯನ್ನು ಒಮ್ಮೆ ನೋಡಿ ಬರುವ ಕೆಲಸ. ಅಂಥ ಮನೆಗೆ ಯಾವ ಹೊತ್ತಿನಲ್ಲಿ ಹೋಗಬೇಕೆಂಬುದರಲ್ಲಿ ಒಂದು ಮರ್ಯಾದೆಯುಂಟು.

ನಮ್ಮವರಲ್ಲಿ ಹೆಚ್ಚಿನವರು ಹೋಗುವುದು ಬೇಸಿಗೆಯಲ್ಲಿ. ಇದಕ್ಕೆ ಕಾರಣ ಸ್ಪಷ್ಟವಾಗಿಯೇ ಇದೆ. ಎರಡನೆಯ ಬೆಳೆಯ ಒಕ್ಕಲು ಮುಗಿದು, ಕಾಲುವೆಯ ತೂಬುಗಳು ಮುಚ್ಚಿ, ರೈತನಿಗೆ ಕೈ ಬಿಡುವಾಗುವುದು ಏಪ್ರಿಲ್ ಮೇ ತಿಂಗಳುಗಳಲ್ಲಿಯೇ. ಮಕ್ಕಳ ಶಾಲೆಗೂ ಆಗಲೇ ರಜ. ಬಿಸಿಲು ನಲವತ್ತು ಡಿಗ್ರಿಯನ್ನು ದಾಟಿ ಊರಲ್ಲಿ ಕೂರಲಾಗದಂತೆ ಆಗುವುದೂ ಆಗಲೇ. ತಂಪಿನ ಊರಿಗೆ ಹೋಗೋಣವೆಂಬ ಬಯಕೆ ಆಗ ಹುಟ್ಟದೆ ಇನ್ನಾವಾಗ ಹುಟ್ಟೀತು? ಇದಕ್ಕೆ ಒತ್ತಾಸೆಯಾಗಿ ಬಂಡೀಪುರಕ್ಕೆ ಹೋಗಿಬಂದವರ ಮಾತೊಂದುಂಟು: ಕಾಡನ್ನು ನೋಡುವುದಾದರೆ ಬೇಸಿಗೆಯಲ್ಲೇ ನೋಡಬೇಕು ಎಂದು. ಬಂಡೀಪುರ ನಾಗರಹೊಳೆಗಳ ಮಟ್ಟಿಗೆ ಇದು ನಿಜ. ಅವು ಎಲೆಯುದುರುವ ಕಾಡುಗಳು. ಮಾರ್ಚಿನ ಹೊತ್ತಿಗೆ ಪೊದೆಗಳು ಬರಿದಾಗಿ ಕಣ್ಣು ದೂರ ಹಾಯುತ್ತದೆ. ಕೆರೆಹೊಂಡಗಳು ಬತ್ತಿ, ಉಳಿದ ನೀರಿನ ಬಳಿಗೆ ಆನೆ, ಕಾಟಿ, ಜಿಂಕೆಗಳು ಬಂದು ಸೇರುತ್ತವೆ. ಬಂಡಿಯಲ್ಲಿ ಕುಳಿತವನಿಗೆ ಮೃಗದರ್ಶನ ಸುಲಭವಾಗುತ್ತದೆ. ಆದರೆ ಆ ಸೂತ್ರವನ್ನು ಕುದುರೆಮುಖಕ್ಕೆ ಅನ್ವಯಿಸುವುದು, ಜೋಳದ ಹೊಲಕ್ಕೆ ಭತ್ತದ ಲೆಕ್ಕದಲ್ಲಿ ನೀರು ಬಿಟ್ಟಂತೆ. ಇಲ್ಲಿನ ಕಣಿವೆಯ ಕಾಡು ನಿತ್ಯಹಸುರಿನದು. ಬೇಸಿಗೆಯಲ್ಲೂ ಅದು ತನ್ನ ಬಾಗಿಲನ್ನು ತೆರೆಯುವುದಿಲ್ಲ. ಇಲ್ಲಿ ನೋಡಲು ಹೋಗುವುದು ಮೃಗವನ್ನಲ್ಲ, ಬೆಟ್ಟವನ್ನು. ಬೇಸಿಗೆಯಲ್ಲಿ ಆ ಬೆಟ್ಟ ಒಣಹುಲ್ಲಿನ ಬಣವೆ.

ಬಣವೆ ಎಂದದ್ದು ಅಲಂಕಾರಕ್ಕಲ್ಲ. ಕುದುರೆಮುಖದ ಮೈಯ ಮೇಲೆ ಎರಡು ಬಗೆಯ ಹಸುರು ಒಟ್ಟೊಟ್ಟಿಗೆ ಇರುತ್ತದೆ. ಬೆನ್ನಿನ ಮೇಲೆಲ್ಲ ಹುಲ್ಲು. ಮಡಿಕೆ ಮಡಿಕೆಗಳಲ್ಲಿ, ಗಾಳಿಯ ಹೊಡೆತ ತಾಕದ ತೇವದ ಜಾಗಗಳಲ್ಲಿ, ದಟ್ಟವಾದ ಕುಳ್ಳ ಮರಗಳ ಕಾಡು. ಶೋಲಾ ಎಂದು ಕರೆಯುವುದು ಇದನ್ನೇ. ಈ ಹುಲ್ಲು ಜನವರಿಯಿಂದ ಒಣಗತೊಡಗುತ್ತದೆ. ಫೆಬ್ರವರಿ ಕಳೆಯುವುದರೊಳಗೆ ಒಂದು ಬೀಡಿಯ ತುಂಡು, ಒಲೆಯ ಒಂದು ಕೆಂಡ ಸಾಕು. ಬೆಂಕಿ ಒಂದು ಗುಡ್ಡದಿಂದ ಇನ್ನೊಂದಕ್ಕೆ ಗಾಳಿಯ ಬೆನ್ನೇರಿ ಹೋಗುತ್ತದೆ. ಹುಲ್ಲು ಮುಂದಿನ ಮಳೆಗೆ ಮತ್ತೆ ಚಿಗುರೀತು. ಆದರೆ ಬೆಂಕಿ ಕಾಡಿನ ಅಂಚನ್ನು ನೆಕ್ಕಿದರೆ, ಅಲ್ಲಿ ಸುಟ್ಟ ಮರ ನಮ್ಮ ಜೀವಮಾನದಲ್ಲಿ ಮತ್ತೆ ಏಳುವುದು ಸಂದೇಹ. ಅರಣ್ಯ ಇಲಾಖೆಯವರು ಬೇಸಿಗೆಗೆ ಮುಂಚೆ ಹುಲ್ಲನ್ನು ಸವರಿ ಬೆಂಕಿಯ ಗೆರೆಗಳನ್ನು ಮಾಡುತ್ತಾರೆ, ಕಾವಲುಗಾರರನ್ನು ನಿಲ್ಲಿಸುತ್ತಾರೆ, ಚಾರಣವನ್ನು ನಿಲ್ಲಿಸುತ್ತಾರೆ. ಈ ನಿಷೇಧವನ್ನು ಕಂಡು ಗೊಣಗುವವರನ್ನು ನಾನು ಕಂಡಿದ್ದೇನೆ. ಸುಗ್ಗಿಯ ಕಾಲದಲ್ಲಿ ತನ್ನ ಕಣದ ಬಳಿ ಹೊಗೆಬತ್ತಿ ಸೇದುವವನನ್ನು ಬೈದು ಓಡಿಸುವ ರೈತ, ಬೆಟ್ಟದವರು ತಮ್ಮ ಕಣವನ್ನು ಕಾಯುವುದಕ್ಕೆ ಬೇಸರಪಡಬಾರದು. ಬೇಸಿಗೆಯಲ್ಲಿ ತಂಪು ಬೇಕೆಂದರೆ ಬೇರೆ ಊರುಗಳಿವೆ. ಆ ನಾಲ್ಕು ತಿಂಗಳು ಈ ಬೆಟ್ಟವನ್ನು ಅದರ ಪಾಡಿಗೆ ಬಿಡುವುದೇ ಸರಿ.

ಇನ್ನು ಮಳೆಗಾಲ. ಈಗಿನ ಹರೆಯದವರ ಒಲವೆಲ್ಲ ಅದರ ಮೇಲೆ. ಕೈಯಲ್ಲಿಯ ಫೋನಿನಲ್ಲಿ ಒಬ್ಬರು ಕಳುಹಿಸಿದ ಚಿತ್ರವನ್ನು ಇನ್ನೊಬ್ಬರು ನೋಡಿ, ಮೋಡದೊಳಗೆ ನಿಂತು ತಾವೂ ಒಂದು ಚಿತ್ರ ತೆಗೆಸಿಕೊಳ್ಳಬೇಕೆಂದು ಹೊರಡುತ್ತಾರೆ. ಮಳೆಗಾಲದ ಕುದುರೆಮುಖ ಭವ್ಯವಲ್ಲವೆಂದು ಹೇಳುವವನು ನಾನಲ್ಲ. ಆರಿದ್ರೆಯಿಂದ ಆಶ್ಲೇಷೆಯವರೆಗೆ, ಜೂನ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ, ಅಲ್ಲಿ ಹಗಲಿಗೂ ಇರುಳಿಗೂ ಭೇದವಿಲ್ಲದೆ ಸುರಿಯುತ್ತದೆ. ಹನುಮನಗುಂಡಿಯ ಅಬ್ಬಿ, ರಸ್ತೆಯ ಬದಿಯಲ್ಲೇ ಧುಮುಕುವ ಕಡಾಂಬಿ, ಹೆಸರಿಲ್ಲದ ಇನ್ನೂ ನೂರು ಅಬ್ಬಿಗಳು ಒಮ್ಮೆಗೇ ಮಾತಿಗೆ ತೊಡಗುತ್ತವೆ. ಮಳೆಗಾಗಿ ಮುಗಿಲು ನೋಡಿ ನೋಡಿ ಕುತ್ತಿಗೆ ನೋಯಿಸಿಕೊಂಡ ನಮ್ಮಂಥವರು, ಇಷ್ಟೊಂದು ಮಳೆ ಒಂದೇ ಕಡೆ ಬೀಳುವುದನ್ನು ಕಂಡರೆ ಮೊದಲು ಬೆರಗಾಗುತ್ತೇವೆ, ಆಮೇಲೆ ಸಣ್ಣದೊಂದು ಹೊಟ್ಟೆಕಿಚ್ಚೂ ಆಗುತ್ತದೆ.

ಆದರೆ ಎರಡನೆಯ ದಿನಕ್ಕೆ ಒಂದು ಸಂಗತಿ ಮನಸ್ಸಿಗೆ ಹೊಳೆಯುತ್ತದೆ. ಕಂಡದ್ದು ಮಳೆಯೇ ಹೊರತು ಬೆಟ್ಟವಲ್ಲ. ಹತ್ತು ಮಾರು ಮುಂದಿನದು ಕಾಣದ ಮಂಜಿನಲ್ಲಿ ಶಿಖರವೇನು, ದಿಬ್ಬವೇನು? ಕಾಲ ಕೆಳಗಿನ ಕೆಸರು, ಕಾಲ ಮೇಲಿನ ಇಂಬಳ, ಇವೆರಡರ ಕಡೆಗೇ ಗಮನವೆಲ್ಲ ಹೋಗುತ್ತದೆ. ಘಟ್ಟದ ರಸ್ತೆಗಳ ಪಾಡು ಎಲ್ಲರಿಗೂ ತಿಳಿದದ್ದೇ: 2019ರ ಆಗಸ್ಟಿನಲ್ಲಿ ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಜರಿದು ದಾರಿ ಮುಚ್ಚಿಹೋಯಿತು, 2024ರ ಜುಲೈಯಲ್ಲಿ ಶಿರಾಡಿಯಲ್ಲಿ ಮಣ್ಣು ಕುಸಿಯಿತು. ಅಂಥ ದಿನಗಳಲ್ಲಿ ಊರವರಿಗೇ ಆಸ್ಪತ್ರೆಯ ದಾರಿ ಕಟ್ಟಿರುತ್ತದೆ. ನಡುವೆ ನಾವೊಂದಷ್ಟು ಜನ ಹೋಗಿ, ಸಿಕ್ಕಿಕೊಂಡು, ನಮ್ಮನ್ನು ಬಿಡಿಸುವ ಕೆಲಸವನ್ನೂ ಅವರ ತಲೆಗೆ ಕಟ್ಟುವುದು ಸಭ್ಯತೆಯಲ್ಲ. ಮೇಲಾಗಿ ನೆನೆದ ಮಣ್ಣಿನ ಮೇಲೆ ನೂರು ಜೊತೆ ಕಾಲು ನಡೆದರೆ ಜಾಡು ಚರಂಡಿಯಾಗುತ್ತದೆ. ಮುಂದಿನ ಮಳೆಗೆ ಆ ಚರಂಡಿ ಹಳ್ಳವಾಗುತ್ತದೆ. ಹುಲ್ಲಿನ ಬೇರು ಹಿಡಿದಿಟ್ಟ ಮಣ್ಣು ಹೀಗೆ ಕಿತ್ತು ಹರಿಯುವುದನ್ನು ಕಾಲುವೆಯವರಾದ ನಾವು ಹಗುರವಾಗಿ ಎಣಿಸಲಾಗದು.

ಮಣ್ಣಿನ ಮಾತು ಬಂದುದರಿಂದ ಇನ್ನೊಂದನ್ನೂ ಹೇಳಬೇಕು. ಕುದುರೆಮುಖವೆಂದರೆ ಒಂದು ತಲೆಮಾರಿನವರಿಗೆ ಬೆಟ್ಟವಲ್ಲ, ಕಬ್ಬಿಣದ ಅದಿರು. 1976ರಲ್ಲಿ ಅದಕ್ಕಾಗಿ ಸರ್ಕಾರದ ಕಂಪನಿಯೊಂದು ಹುಟ್ಟಿತು. 1980ರ ಹೊತ್ತಿಗೆ ಗಣಿ ಪ್ರಾರಂಭವಾಗಿ, ಅರೆದ ಅದಿರು ನೀರಿನೊಡನೆ ಕಲಸಿ, ಕೊಳವೆಯ ಮೂಲಕ ಮಂಗಳೂರಿನ ಬಂದರಿಗೆ ಇಳಿಯತೊಡಗಿತು. ಮಿಕ್ಕ ಹುಡಿಮಣ್ಣನ್ನು ನಿಲ್ಲಿಸಲು ಲಕ್ಯಾ ಹೊಳೆಗೆ ಸುಮಾರು ನೂರು ಮೀಟರು ಎತ್ತರದ ಕಟ್ಟೆ ಎದ್ದಿತು. ಆಗಿನ ಮಳೆಗಾಲದಲ್ಲಿ ಭದ್ರೆ ಕೆಂಪಾಗಿ ಹರಿಯುತ್ತಿದ್ದುದನ್ನು ಕಳಸ ಬಾಳೆಹೊನ್ನೂರುಗಳ ಹಿರಿಯರು ಈಗಲೂ ಹೇಳುತ್ತಾರೆ. ಕೆ. ಎಂ. ಚಿಣ್ಣಪ್ಪನವರು ಹೂಡಿದ ಮೊಕದ್ದಮೆಯಲ್ಲಿ 2002ರ ಅಕ್ಟೋಬರ್ 30ರಂದು ಸರ್ವೋಚ್ಚ ನ್ಯಾಯಾಲಯ ತೀರ್ಪು ಕೊಟ್ಟಿತು. 2005ರ ಡಿಸೆಂಬರ್ ಕೊನೆಗೆ ಗಣಿ ನಿಂತಿತು. ಗಣಿಗಾಗಿ ಕಟ್ಟಿದ ಪಟ್ಟಣ ಈಗ ಮೌನದಲ್ಲಿದೆ. ಕೆಲಸ ಕಳೆದುಕೊಂಡವರ ನೋವು ಸಣ್ಣದಲ್ಲ, ಅದನ್ನು ಮರೆತು ಜಯಘೋಷ ಮಾಡುವುದು ನನಗೆ ಸೇರದು. ಆದರೂ ಕಾಲುವೆಯ ಕೊನೆಯಲ್ಲಿ ಕುಳಿತವನು ಆ ತೀರ್ಪನ್ನು ತನ್ನ ಪರವಾದ ತೀರ್ಪೆಂದೇ ಓದಿಕೊಳ್ಳಬೇಕು. ಕಟ್ಟಿದಾಗ ಸುಮಾರು 133 ಟಿ.ಎಂ.ಸಿ. ನೀರು ಹಿಡಿಯುತ್ತಿದ್ದ ನಮ್ಮ ಜಲಾಶಯ ಇಂದು ಹಿಡಿಯುವುದು ಸುಮಾರು 105. ಉಳಿದ ಜಾಗದಲ್ಲಿ ಹೂಳು ಕುಳಿತಿದೆ. ಆ ಹೂಳೆಲ್ಲ ಕುದುರೆಮುಖದ್ದೆಂದು ಯಾರೂ ಹೇಳಲಾರರು. ನದಿಯ ಉದ್ದಕ್ಕೂ ಎಲ್ಲೆಲ್ಲಿ ನೆಲದ ಮೇಲಿನ ಹಸುರು ಹರಿಯಿತೋ ಅಲ್ಲಲ್ಲಿಂದ ಬಂದದ್ದು ಅದು.

ಚಳಿಗಾಲದ ವಿಷಯವನ್ನು ಬೇಗ ಮುಗಿಸಬಹುದು. ಪ್ರವಾಸದ ಪುಸ್ತಕಗಳೆಲ್ಲ ಶಿಫಾರಸು ಮಾಡುವುದು ಡಿಸೆಂಬರ್ ಜನವರಿಗಳನ್ನು. ಆಕಾಶ ತಿಳಿಯಾಗಿರುತ್ತದೆ, ದಾರಿ ಒಣಗಿರುತ್ತದೆ, ಶಿಖರದಿಂದ ಕಡಲು ಕಂಡರೂ ಕಾಣಬಹುದು. ದೋಷವೆಲ್ಲ ಅಲ್ಲಿ ಸೇರುವ ಜನಜಂಗುಳಿಯದು. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರಪರ್ವತಕ್ಕೆ ಸಾವಿರಾರು ಜನ ಒಮ್ಮೆಗೇ ಏರಿ, ಜಾತ್ರೆಯ ಬೀದಿಯಂತೆ ಸಾಲುಗಟ್ಟಿ ನಿಂತ ಚಿತ್ರವನ್ನು ನಾಡೆಲ್ಲ ನೋಡಿತು. ಆ ಮೇಲೆಯೇ ಸರ್ಕಾರ ಚಾರಣಕ್ಕೆ ಮಿತಿ ಹಾಕಿ, ಅಂತರಜಾಲದಲ್ಲಿ ಮುಂಗಡ ನೋಂದಣಿಯನ್ನು ಕಡ್ಡಾಯ ಮಾಡಹೊರಟಿತು. ಜೊತೆಗೆ, ನಮ್ಮಲ್ಲಿ ಡಿಸೆಂಬರೆಂದರೆ ಭತ್ತದ ಕೊಯ್ಲು, ಹಿಂದೆಯೇ ಎರಡನೆಯ ನಾಟಿ. ಆಗ ಊರು ಬಿಟ್ಟು ಹೊರಡುವ ಬೇಸಾಯಗಾರನನ್ನು ಬೆಟ್ಟವೂ ಮೆಚ್ಚಲಾರದು.

ಹಾಗಾದರೆ ಯಾವಾಗ? ನನ್ನ ಉತ್ತರ ನಮ್ಮ ಹಳ್ಳಿಯ ಪಂಚಾಂಗದಲ್ಲಿಯೇ ಇದೆ: ಶೀಗೆ ಹುಣ್ಣಿಮೆಯ ಮರುದಿನದಿಂದ ದೀಪಾವಳಿಯ ನೀರು ತುಂಬುವ ಹಬ್ಬದವರೆಗಿನ ಹನ್ನೆರಡು ಹದಿಮೂರು ದಿನ. ಹೆಚ್ಚಿನ ವರ್ಷಗಳಲ್ಲಿ ಇದು ಅಕ್ಟೋಬರಿನಲ್ಲಿ ಬರುತ್ತದೆ. ಅಧಿಕಮಾಸದ ವರ್ಷ ನವೆಂಬರಿಗೂ ಚಾಚುತ್ತದೆ. ಹಸ್ತೆ ಮುಗಿದು ಚಿತ್ತೆ ನಡೆಯುವ, ಇಲ್ಲವೇ ಸ್ವಾತಿಗೆ ಕಾಲಿಡುವ ಹೊತ್ತು. ನವರಾತ್ರಿಗೆ ಶೃಂಗೇರಿ ಹೊರನಾಡುಗಳಲ್ಲಿ ನೆರೆದ ಯಾತ್ರಿಕರು ಅಷ್ಟರಲ್ಲಿ ಮನೆ ಸೇರಿರುತ್ತಾರೆ. ದೀಪಾವಳಿಯ ರಜೆಗೆ ಪಟ್ಟಣದವರು ಹೊರಡುವುದಕ್ಕೆ ಇನ್ನೂ ಕಾಲವಿರುತ್ತದೆ. ಶನಿವಾರ ಭಾನುವಾರಗಳನ್ನು ಬಿಟ್ಟು ಹೋದರೆ ಬೆಟ್ಟದ ಮೇಲೆ ಗಾಳಿಯ ಸದ್ದು ಕೇಳಿಸೀತು.

ಶೀಗೆ ಹುಣ್ಣಿಮೆಯನ್ನು ನಾನು ಹಿಡಿದದ್ದು ತಿಥಿಯ ಅನುಕೂಲಕ್ಕಾಗಿ ಮಾತ್ರವಲ್ಲ. ಆ ದಿನ ನಮ್ಮವರು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಬೆಳೆಗೆ ಪೂಜೆ ಮಾಡಿ, ಸುತ್ತಲೂ ಚರಗ ಚೆಲ್ಲುತ್ತಾರೆ. ಭೂಮಿತಾಯಿ ಬಸುರಿ ಎಂಬುದು ಅಂದಿನ ನಂಬಿಕೆ. ಪೈರು ಹೊಡೆ ತುಂಬಿದೆ, ಇನ್ನೂ ಹಡೆದಿಲ್ಲ. ಕುದುರೆಮುಖವೂ ಆ ದಿನಗಳಲ್ಲಿ ಅದೇ ಸ್ಥಿತಿಯಲ್ಲಿರುತ್ತದೆ. ಮಳೆ ನಿಂತಿದೆ, ನೀರು ನಿಂತಿಲ್ಲ. ಅಲ್ಲಿಗೆ ಹೋದವನು ನೋಡಬೇಕಾದದ್ದು ಇದನ್ನೇ, ಮತ್ತು ಇದು ಬೇರೆ ಯಾವ ಕಾಲದಲ್ಲೂ ಕಾಣಿಸದು. ಮಳೆ ಸುರಿಯುವಾಗ ನೀರು ಹರಿಯುವುದರಲ್ಲಿ ಬೆಟ್ಟದ ಹೆಚ್ಚುಗಾರಿಕೆಯೇನು? ಹಂಚಿನ ಮಾಡಿನಿಂದಲೂ ಹರಿಯುತ್ತದೆ. ಐದಾರು ದಿನ ಹನಿ ಬೀಳದ ಮೇಲೂ, ನೆತ್ತಿಯ ಮೇಲೆ ನೀಲಿ ಆಕಾಶ ನಿಂತಿರುವಾಗಲೂ, ಪ್ರತಿಯೊಂದು ಕಣಿವೆಯ ಸಂದಿನಿಂದ ತಿಳಿಯಾದ ತೊರೆಯೊಂದು ಇಳಿದು ಬರುತ್ತಿರುತ್ತದಲ್ಲ, ಆ ನೀರು ಎಲ್ಲಿಯದು ಎಂದು ಕೇಳಿಕೊಳ್ಳಬೇಕು. ಶೋಲಾದೊಳಗೆ ಬಗ್ಗಿ ಕೈಯಿಟ್ಟರೆ ಉತ್ತರ ಸಿಗುತ್ತದೆ. ಕೊಳೆತ ಎಲೆ, ಹಾವಸೆ, ಬೇರಿನ ಹೆಣಿಗೆ, ಅದರ ಕೆಳಗೆ ಕಪ್ಪು ಮಣ್ಣು. ಹಿಂಡಿದರೆ ನೀರು ಬರುವಷ್ಟು ತೇವ. ಮೂರು ತಿಂಗಳ ಮಳೆಯಲ್ಲಿ ಒಂದು ಪಾಲನ್ನು ಅದು ಒಳಗೆ ಇಟ್ಟುಕೊಂಡಿದೆ, ಈಗ ಚೂರುಚೂರಾಗಿ ಬಿಡುತ್ತಿದೆ.

ಎರೆಹೊಲದ ರೈತನಿಗೆ ಇದನ್ನು ವಿಜ್ಞಾನಿಗಳು ಬಂದು ವಿವರಿಸಬೇಕಾಗಿಲ್ಲ. ಕಾಲುವೆ ತಲಪದ ನಮ್ಮ ಹೊಲಗಳಲ್ಲಿ ಹಿಂಗಾರಿ ಜೋಳ ಬೆಳೆಯುವುದು ಹೀಗೆಯೇ ಅಲ್ಲವೇ? ಉತ್ತರೆ ಹಸ್ತೆಗಳಲ್ಲಿ ಬಿದ್ದ ಮಳೆಯನ್ನು ಎರೆ ಕುಡಿದಿಟ್ಟುಕೊಳ್ಳುತ್ತದೆ. ಆ ಮೇಲೆ ಹನಿ ಬೀಳದಿದ್ದರೂ ಜೋಳ ಆ ತೇವವನ್ನೇ ನಂಬಿ ತೆನೆ ಕಟ್ಟುತ್ತದೆ. ನಮ್ಮ ನೆಲ ತನಗಾಗಿ ಮಾಡಿಕೊಳ್ಳುವ ಉಪಾಯವನ್ನೇ ಆ ಬೆಟ್ಟ ಇನ್ನೊಬ್ಬರಿಗಾಗಿ ಮಾಡುತ್ತಿದೆ. ಈ ಹೋಲಿಕೆ ನನಗೆ ಹೊಳೆದದ್ದು ಸಂಸೆಯ ಮೇಲಿನ ಹುಲ್ಲಿನ ಏರಿನಲ್ಲಿ, ದಣಿವಾರಿಸಿಕೊಳ್ಳಲು ಕುಳಿತಾಗ. ಹುಲ್ಲು ಆಗಲೇ ತುದಿಯಲ್ಲಿ ಹೊನ್ನಾಗುತ್ತಿತ್ತು, ಬುಡದಲ್ಲಿ ಇನ್ನೂ ಹಸುರಾಗಿತ್ತು. ಬೆಟ್ಟದ ಹಿಂದೆ ಬೆಟ್ಟ, ಅದರ ಹಿಂದೆ ಇನ್ನೊಂದು, ಒಂದೊಂದರ ಮಡಿಕೆಯಲ್ಲೂ ಕಪ್ಪುಹಸುರಿನ ಒಂದೊಂದು ಕಾಡು. ಕೆಳಗೆಲ್ಲೋ ನೀರಿನ ಸದ್ದು. ನೀರು ಮಾತ್ರ ಕಾಣದು. ಜೊತೆಯಲ್ಲಿದ್ದ, ಜೀವಮಾನವೆಲ್ಲ ತೂಬಿನ ಬಾಗಿಲ ಬಳಿ ವಾರಾಬಂದಿಯ ಜಗಳ ಬಿಡಿಸಿದ ಹಿರಿಯರೊಬ್ಬರು ಬಹಳ ಹೊತ್ತು ಸುಮ್ಮನಿದ್ದು, "ಇಲ್ಲಿ ಗೇಟು ಯಾರು ತಿರುಗಿಸ್ತಾರಪಾ?" ಎಂದು ಕೇಳಿದರು.

ಗೇಟಿನ ಮಾತು ನಮಗೆ ಬರಿಯ ಹಾಸ್ಯವಲ್ಲ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೆಯ ಗೇಟು ಕೊಚ್ಚಿಹೋದಾಗ, ತುಂಬಿದ ಜಲಾಶಯ ಕಣ್ಣೆದುರೇ ಬರಿದಾಗುತ್ತಿರುವುದನ್ನು ನೋಡಿ ಈ ಸೀಮೆಯಲ್ಲಿ ನಿದ್ದೆ ಮಾಡಿದವರು ಕಡಮೆ. ವಾರದೊಳಗೆ ತಾತ್ಕಾಲಿಕವಾಗಿ ಬೇರೆ ಗೇಟು ಕೂರಿಸಿದ ತಂತ್ರಜ್ಞರನ್ನು ನಾವು ಹೊಗಳಿದೆವು, ಹೊಗಳಬೇಕಾದದ್ದೇ. ಆದರೆ ಸೆಪ್ಟೆಂಬರಿನಲ್ಲಿ ಜಲಾಶಯ ಮತ್ತೆ ತುಂಬಿತಲ್ಲ, ಅದನ್ನು ತುಂಬಿದ್ದು ಮೇಲಿನ ಬೆಟ್ಟಗಳು. ಅವುಗಳಿಗೆ ಒಂದು ಮಾಲೆ ಹಾಕಿದವರಿಲ್ಲ.

ಕಾಲ ಗೊತ್ತಾದ ಮೇಲೂ ಒಂದೆರಡು ಎಚ್ಚರಗಳು ಬೇಕು. ಆ ದಿನಗಳಲ್ಲಿ ಮಧ್ಯಾಹ್ನದ ಮೇಲೆ ಗುಡುಗುಸಿಡಿಲಿನ ಮಳೆ ಒಮ್ಮೊಮ್ಮೆ ಬರುವುದುಂಟು. ಮರವಿಲ್ಲದ ಬೋಳುಬೆನ್ನಿನ ಮೇಲೆ ಸಿಡಿಲಿಗೆ ಸಿಕ್ಕಿಬೀಳಬಾರದು. ನಸುಕಿನಲ್ಲಿ ಹೊರಟು ಊಟದ ಹೊತ್ತಿನ ಸುಮಾರಿಗೆ ಇಳಿಯತೊಡಗಬೇಕು. ಇಂಬಳಗಳು ಪೂರ್ಣವಾಗಿ ಹೋಗಿರುವುದಿಲ್ಲ. ಒಂದು ಚಿಟಿಕೆ ಉಪ್ಪು ಜೇಬಿನಲ್ಲಿರಲಿ. ಇಲಾಖೆಯ ಅಪ್ಪಣೆ, ನೋಂದಣಿ, ದಾರಿತೋರುವ ಊರಿನವನು, ಇವುಗಳನ್ನು ಮೊದಲೇ ಗೊತ್ತುಮಾಡಿಕೊಂಡು ಹೋಗಬೇಕು. ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಕಳೆದ ಸಲ ಹೋದವರ ಮಾತನ್ನು ನಂಬಿ ಹೊರಡುವುದು ಜಾಣತನವಲ್ಲ. ದಾರಿತೋರುವವನಿಗೆ ಕೊಡುವ ಹಣದಲ್ಲಿ ಚೌಕಾಸಿ ಮಾಡಬೇಡಿ ಎಂದು ನಮ್ಮವರಿಗೆ ವಿಶೇಷವಾಗಿ ಹೇಳುತ್ತೇನೆ. ಉದ್ಯಾನವಾದ ಮೇಲೆ ಆ ಊರುಗಳಲ್ಲಿ ಉಳಿದವರ ಬಾಳು ಸುಲಭದ್ದಲ್ಲ. ಕಾಡಿನ ಕಾನೂನು ಅವರ ಹಿತ್ತಲಿನವರೆಗೂ ಬಂದು ನಿಂತಿದೆ.

ಅಕ್ಟೋಬರಿನಲ್ಲಿ ರೈತ ಗದ್ದೆ ಬಿಟ್ಟು ಹೇಗೆ ಹೋದಾನು ಎಂಬ ಆಕ್ಷೇಪ ನನ್ನ ಕಿವಿಗೆ ಬಿದ್ದಿದೆ. ಅದು ನ್ಯಾಯವಾದ ಆಕ್ಷೇಪ. ಪೈರು ತೆನೆಗೆ ಬಂದಾಗ ಕಂದುಜಿಗಿಹುಳುವಿನ ಭಯವುಂಟು. ಕಾಲುವೆಯ ಕೆಳಭಾಗದವನಿಗೆ ನೀರಿನ ಸರದಿ ತಪ್ಪೀತೆಂಬ ಭಯ ಅದಕ್ಕಿಂತ ದೊಡ್ಡದು. ಒಂದು ತಿಂಗಳ ಪ್ರವಾಸವನ್ನು ನಾನು ಕೇಳುತ್ತಿಲ್ಲ, ನಾಲ್ಕು ದಿನವನ್ನು ಕೇಳುತ್ತಿದ್ದೇನೆ. ನಾಟಿ, ಕಳೆ, ಗೊಬ್ಬರ ಎಲ್ಲ ಮುಗಿದು ಕೊಯ್ಲು ಇನ್ನೂ ಬಾರದ ಆ ನಡುವೆ, ಬದುವಿಗೆ ಬದು ಹತ್ತಿದ ನೆರೆಯವನು ನಾಲ್ಕು ದಿನ ನೋಡಿಕೊಂಡಾನು. ಅವನು ಹೋಗುವಾಗ ನೀವು ನೋಡಿಕೊಳ್ಳಬಹುದು. ಮದುವೆ ಮುಂಜಿಗಳಿಗೆ ಇದಕ್ಕಿಂತ ಹೆಚ್ಚು ದಿನ ಹೋಗುವುದಿಲ್ಲವೇ? ಬಿಡುವಾದಾಗ ಹೋಗುತ್ತೇನೆ ಎನ್ನುವವನು ಬೆಂಕಿಯ ತಿಂಗಳಲ್ಲಿಯೇ ಹೋಗುತ್ತಾನೆ. ಒಣಹುಲ್ಲನ್ನು ಕಂಡು, ಇಷ್ಟೇಯೇ ಎಂದು ಹಿಂದಿರುಗುತ್ತಾನೆ.

ಶಾಲೆಗಳ ಮುಖ್ಯೋಪಾಧ್ಯಾಯರಿಗೂ ಒಂದು ಸಲಹೆ. ಮಕ್ಕಳ ಪ್ರವಾಸವನ್ನು ಡಿಸೆಂಬರಿನಲ್ಲೇ ಏರ್ಪಡಿಸಬೇಕೆಂಬ ರೂಢಿಯನ್ನು ಒಂದು ವರ್ಷವಾದರೂ ಮುರಿದು ನೋಡಿ. ಶೀಗೆ ಹುಣ್ಣಿಮೆ ದಸರೆಯ ರಜೆಯೊಳಗೇ ಬಂದ ವರ್ಷ, ಅದರ ಮಾರನೆಯ ದಿನ ಹೊರಡಿಸಿ. ಮೊದಲು ಮುನಿರಾಬಾದಿನಲ್ಲಿ ಕಾಲುವೆಯ ಬಾಯಿ ತೋರಿಸಿ, ಅಣೆಕಟ್ಟು ತೋರಿಸಿ, ಕೂಡಲಿಯಲ್ಲಿ ಎರಡು ನೀರುಗಳು ಬೆರೆಯುವುದನ್ನು ತೋರಿಸಿ, ಆ ಮೇಲೆ ಭದ್ರೆಯ ದಂಡೆಯನ್ನು ಹಿಡಿದು ಲಕ್ಕವಳ್ಳಿಯ ಅಣೆಕಟ್ಟು, ಬಾಳೆಹೊನ್ನೂರು, ಕಳಸ ಎಂದು ಮೇಲಕ್ಕೆ ಒಯ್ಯಿರಿ. ಮಕ್ಕಳನ್ನು ಶಿಖರಕ್ಕೆ ಏರಿಸಲೇಬೇಕೆಂದಿಲ್ಲ. ಗಣಿಯ ಕಟ್ಟೆಯ ಹಿಂದೆ ನಿಂತ ಹೂಳನ್ನೂ, ಅದಕ್ಕೆದುರಾಗಿ ಕಾಡಿನಿಂದಿಳಿಯುವ ತೊರೆಯನ್ನೂ ಒಂದೇ ದಿನ ನೋಡಿದರೆ ಸಾಕು. ಪಾಠ ಹೇಳುವ ಕೆಲಸ ಉಪಾಧ್ಯಾಯರಿಗೆ ಉಳಿಯುವುದಿಲ್ಲ.

ಮಂಡಿನೋವಿನ ಹಿರಿಯರು ಬೆಟ್ಟವನ್ನು ಹತ್ತಲಾರೆವೆಂದು ಮನೆಯಲ್ಲಿ ಉಳಿಯಬೇಕಾಗಿಲ್ಲ. ಕಳಸಕ್ಕೆ ಹತ್ತಿರದಲ್ಲೇ ಅಂಬುತೀರ್ಥವೆಂಬ ಸ್ಥಳವಿದೆ. ಮಧ್ವಾಚಾರ್ಯರು ಎತ್ತಿಟ್ಟರೆಂದು ಹೇಳುವ ಒಂದು ದೊಡ್ಡ ಕಲ್ಲು ಅಲ್ಲಿದೆ. ಭದ್ರೆ ಅಲ್ಲಿ ಬಂಡೆಗಳ ನಡುವೆ ಇಕ್ಕಟ್ಟಿನಲ್ಲಿ ನುಗ್ಗಿ ಹೋಗುತ್ತದೆ. ಜುಲೈಯಲ್ಲಿ ಹತ್ತಿರ ಸುಳಿಯಲಾಗದಷ್ಟು ರಭಸ, ಏಪ್ರಿಲಿನಲ್ಲಿ ಸಣಕಲು ನೀರು. ಚಿತ್ತೆಯ ದಿನಗಳಲ್ಲಿ ಮಾತ್ರ ದಡದ ಬಂಡೆಯ ಮೇಲೆ ನೆಮ್ಮದಿಯಾಗಿ ಕುಳಿತು, ತುಂಬುನೀರನ್ನು ಬೇಕಾದಷ್ಟು ಹೊತ್ತು ನೋಡಬಹುದು. ನೀರಿಗೆ ಇಳಿಯಬಾರದು, ಸೆಳವು ಒಳಗಿನದು.